ಪೈಥಾನ್ 2ರಿಂದ 3ಕ್ಕೆ: ಕೈಪಿಡಿ ಮಾಡೋ ಸಾಧನ ದಾಟಿ ಬಂದ ದಾರಿ, ಅದರಲ್ಲಿ ‘ಕುರೆಕುಪ್ಪ’ ಉಳಿದ ಬಗೆ

ಇವತ್ತಿನ ಸಂಚಿಕೆಗೆ ಕಾರಣ ನಿಮ್ಮದೇ ಒಂದು ಪ್ರಶ್ನೆ. ಫೋನ್‌ನಲ್ಲೇ ಪೈಥಾನ್ ಕಲೀತಿರೋರು ಕಳಿಸೋ ಸ್ಕ್ರೀನ್‌ಶಾಟ್‌ಗಳಲ್ಲಿ ಒಂದು ದೂರು ಮತ್ತೆ ಮತ್ತೆ ಬರ್ತದೆ: “ಅಣ್ಣ, ನೋಟ್ಸ್‌ನಲ್ಲಿ ಇದ್ದಂಗೇ ಟೈಪ್ ಮಾಡೀನಿ, ಆದ್ರೂ ಎರರ್ ತೋರಿಸ್ತೈತಿ. ಇದು ನನ್ ಕೈಲಿ ಆಗಲ್ಲ ಅನ್ಸುತ್ತೆ.”

ಸ್ಕ್ರೀನ್‌ಶಾಟ್ ನೋಡಿದ್ರೆ ಬಹಳ ಸಲ ಕಾರಣ ಒಂದೇ. ನೋಟ್ಸ್ ಇರೋದು ಪೈಥಾನ್ 2ರ ಕಾಲದ್ದು, ಫೋನ್‌ನಲ್ಲಿರೋದು ಪೈಥಾನ್ 3. ಹಳೇದರಲ್ಲಿ ಪ್ರಿಂಟ್ ಅಂತ ಬರೆದು, ಪಕ್ಕದಲ್ಲಿ ಮಾತು ಹಾಕಿದ್ರೆ ಸಾಕಿತ್ತು. ಹೊಸದರಲ್ಲಿ ಆ ಮಾತು ಬ್ರಾಕೆಟ್ ಒಳಗೆ ಇರಬೇಕು. ಅಷ್ಟೇ. ಆದ್ರೆ ಅಷ್ಟನ್ನ ಹೇಳೋರು ಪಕ್ಕದಲ್ಲಿ ಇಲ್ಲದಿದ್ರೆ, ಕಲಿಯೋಕೆ ಕೂತವರು ಫೋನ್ ಕೆಳಗಿಟ್ಟು ಎದ್ದು ಹೋಗ್ತಾರೆ. ಬೆಂಗಳೂರಲ್ಲಿ ಕೇಳೋಕೆ ಒಬ್ಬ ಸೀನಿಯರ್ ಸಿಗಬಹುದು. ನಮ್ಮ ಸಂಡೂರು ತಾಲ್ಲೂಕಿನ ಕುರೆಕುಪ್ಪದಂಥ ಊರಲ್ಲಿ ಕಲಿಯೋರಿಗೆ ಗುರು ಅಂದ್ರೆ ಕೈಪಿಡಿಯೇ, ಅಂದ್ರೆ ಡಾಕ್ಯುಮೆಂಟೇಷನ್. ಅದು ಹಳೇದಾದ್ರೆ ಗುರುವೇ ತಪ್ಪು ಹೇಳಿಕೊಟ್ಟಂಗೆ.

ಹಾಗಾದ್ರೆ ಕೈಪಿಡಿ ಹೊಸದಾಗಿ ಇರೋದು ಹೆಂಗೆ? ಅದನ್ನ ತಯಾರು ಮಾಡೋ ಸಾಧನ ಮೊದಲು ಹೊಸ ಆವೃತ್ತಿಗೆ ಬರಬೇಕು. ಅದರ ಕಥೆಯೇ ಇವತ್ತಿನ ವಿಷಯ. ಕೋಡಿಂಗ್ ಗೊತ್ತಿಲ್ಲದೋರಿಗೂ ಅರ್ಥ ಆಗೋ ಹಂಗೆ ಹೇಳ್ತೀನಿ.

ಕೈಪಿಡಿ ಮಾಡೋ ಯಂತ್ರ

ಸಾವಿರಾರು ಪುಟದ ಕೈಪಿಡಿಯನ್ನ ಯಾರೂ ವರ್ಡ್‌ನಲ್ಲಿ ಕೂತು ಟೈಪ್ ಮಾಡಲ್ಲ. ಪ್ರೋಗ್ರಾಂ ಬರೆಯೋರು ತಮ್ಮ ಕೋಡ್ ಒಳಗೇ ಸಣ್ಣ ಟಿಪ್ಪಣಿ ಬರೆದಿರ್ತಾರೆ: ಈ ಫಂಕ್ಷನ್ ಏನು ಮಾಡ್ತದೆ, ಇದಕ್ಕೆ ಏನು ಕೊಡಬೇಕು, ವಾಪಸ್ ಏನು ಬರ್ತದೆ ಅಂತ. ಒಂದು ಸಾಧನ ಆ ಟಿಪ್ಪಣಿಗಳನ್ನೆಲ್ಲ ಎತ್ತಿಕೊಂಡು, ಬೇರೆಯಾಗಿ ಬರೆದ ಪಾಠಗಳ ಜೊತೆ ಜೋಡಿಸಿ, ಪರಿವಿಡಿ, ಪದಸೂಚಿ, ಕೊಂಡಿ ಎಲ್ಲ ಹಾಕಿ ವೆಬ್ ಪುಟ ಮಾಡಿಕೊಡ್ತದೆ.

ಪೈಥಾನ್ ಲೋಕದಲ್ಲಿ ಈ ಕೆಲಸಕ್ಕೆ ಎಲ್ಲರಿಗಿಂತ ಹೆಸರಾದದ್ದು ಸ್ಫಿಂಕ್ಸ್. ಜಾರ್ಜ್ ಬ್ರಾಂಡ್ಲ್ ಅನ್ನೋರು ಪೈಥಾನ್‌ನ ಸ್ವಂತ ಕೈಪಿಡಿಗೋಸ್ಕರ ಇದನ್ನ ಬರೆದು 2008ರಲ್ಲಿ ಬಿಡುಗಡೆ ಮಾಡಿದರು. ಓಪನ್ ಸೋರ್ಸ್, ಯಾರು ಬೇಕಾದ್ರೂ ಉಚಿತವಾಗಿ ಬಳಸಬಹುದು, ತಿದ್ದಬಹುದು. ನಿಮ್ಮ ಕೈಯಲ್ಲಿರೋ ಆಂಡ್ರಾಯ್ಡ್ ಫೋನ್‌ನ ತಳದಲ್ಲಿರೋದು ಲಿನಕ್ಸ್ ಕರ್ನಲ್. ಆ ಕರ್ನಲ್‌ನವರೂ 2016ರಲ್ಲಿ ತಮ್ಮ ಕೈಪಿಡಿಯನ್ನ ಸ್ಫಿಂಕ್ಸ್‌ಗೆ ತಂದರು.

ಸ್ಫಿಂಕ್ಸ್ ಹುಟ್ಟಿದ ವರ್ಷವೇ, 2008ರ ಡಿಸೆಂಬರ್ 3ರಂದು, ಪೈಥಾನ್ 3 ಬಂತು. ಅದು ಬೇಕಂತಲೇ ಹಳೇದರ ಜೊತೆ ಹೊಂದಾಣಿಕೆ ಮುರಿದುಕೊಂಡ ಆವೃತ್ತಿ. ಹಳೇ ಕೋಡ್ ಅದರಲ್ಲಿ ಹಂಗೇ ಓಡಲ್ಲ. ಇಷ್ಟು ತೊಂದರೆ ಕೊಟ್ಟದ್ದು ಯಾಕೆ ಅಂತ ಕೇಳಿದ್ರೆ, ದೊಡ್ಡ ಕಾರಣ ಒಂದಿದೆ. ಕನ್ನಡದವರಾದ ನಮಗೆ ಅದು ನೇರವಾಗಿ ಸಂಬಂಧಪಟ್ಟದ್ದು.

ಒಂದೇ ಹೆಸರು, ಮೂರು ಎಣಿಕೆ

‘ಕುರೆಕುಪ್ಪ’ ಅನ್ನೋ ಹೆಸರಲ್ಲಿ ಎಷ್ಟು ಅಕ್ಷರ? ಕು, ರೆ, ಕು, ಪ್ಪ. ಒಂದನೇ ಕ್ಲಾಸಿನ ಮಗುನೂ ನಾಲ್ಕು ಅಂತ ಹೇಳ್ತದೆ.

ಇದನ್ನೇ ಪೈಥಾನ್ 3ಕ್ಕೆ ಕೇಳಿದ್ರೆ 9 ಅಂತದೆ. ಕ, ಉಕಾರದ ಗುರುತು, ರ, ಎಕಾರದ ಗುರುತು, ಮತ್ತೆ ಕ, ಉಕಾರ, ಆಮೇಲೆ ಪ, ಅರ್ಧಾಕ್ಷರ ಮಾಡೋ ಗುರುತು, ಇನ್ನೊಂದು ಪ. ಯೂನಿಕೋಡ್‌ನಲ್ಲಿ ಒಂದೊಂದಕ್ಕೂ ಒಂದು ಸಂಖ್ಯೆ ಇದೆ, ಒಟ್ಟು ಒಂಬತ್ತು.

ಪೈಥಾನ್ 2ರಲ್ಲಿ ಸಾಮಾನ್ಯವಾಗಿ ಬರೆಯೋ ರೀತಿಯಲ್ಲೇ ಇದನ್ನ ಬರೆದು ಉದ್ದ ಕೇಳಿದ್ರೆ ಉತ್ತರ 27. ಯಾಕಂದ್ರೆ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಗುರುತಿಗೆ 3 ಬೈಟ್ ಜಾಗ ಬೇಕು. ಒಂಬತ್ತು ಮೂರಲೆ ಇಪ್ಪತ್ತೇಳು. ಪೈಥಾನ್ 2 ಅಕ್ಷರ ಎಣಿಸ್ತಾ ಇರಲಿಲ್ಲ, ಬೈಟ್ ಎಣಿಸ್ತಿತ್ತು. ಇಂಗ್ಲಿಷ್‌ನಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್ ಆದ್ದರಿಂದ ಈ ವ್ಯತ್ಯಾಸ ಅವರ ಕಣ್ಣಿಗೆ ಬೀಳಲೇ ಇಲ್ಲ.

ಇದರಿಂದ ಏನಾಗ್ತದೆ? ಪುಟದ ಶೀರ್ಷಿಕೆ ಉದ್ದ ಆಯ್ತು, ಮೊದಲ ಹತ್ತನ್ನಷ್ಟೇ ತೋರಿಸು ಅಂತ ಸಾಧನಕ್ಕೆ ಹೇಳ್ತೀರಿ ಅನ್ಕೊಳ್ಳಿ. ಅದು ಹತ್ತು ಬೈಟ್ ಕತ್ತರಿಸ್ತದೆ. ಮೂರು ಗುರುತು ಸರಿಯಾಗಿ ಬಂದು, ನಾಲ್ಕನೇದರ ಮೂರನೇ ಒಂದು ಭಾಗ ಮಾತ್ರ ಉಳೀತದೆ. ತೆರೆಯ ಮೇಲೆ ಅಲ್ಲಿ ಬರೋದು ಪ್ರಶ್ನಾರ್ಥಕ ಚಿಹ್ನೆಯ ಡಬ್ಬಿ.

ಇನ್ನೂ ದೊಡ್ಡ ತೊಂದರೆ ಬೇರೆ ಇತ್ತು. ಪೈಥಾನ್ 2ರಲ್ಲಿ ಬೈಟ್‌ಗಳನ್ನೂ ಯೂನಿಕೋಡ್ ಪಠ್ಯವನ್ನೂ ಕೂಡಿಸಿದ್ರೆ, ಅದು ಸುಮ್ಮನೆ ‘ಇದು ಆಸ್ಕಿ ಇರಬಹುದು’ ಅಂತ ಊಹೆ ಮಾಡ್ತಿತ್ತು. ಆಸ್ಕಿಯ ಮಿತಿ 127. ಕನ್ನಡದ ಯಾವ ಗುರುತು ತಗೊಂಡ್ರೂ ಯುಟಿಎಫ್-8ರಲ್ಲಿ ಅದರ ಮೊದಲ ಬೈಟ್ 224. ಅಂದ್ರೆ ಕನ್ನಡದ ಮೊದಲ ಗುರುತಿಗೇ ಪ್ರೋಗ್ರಾಂ ನಿಂತುಹೋಗ್ತಿತ್ತು. ಬರೆದವರು ಇಂಗ್ಲಿಷ್‌ನಲ್ಲಿ ಪರೀಕ್ಷೆ ಮಾಡಿದಾಗ ಎಲ್ಲ ಸರಿ. ನೀವು ನಿಮ್ಮ ಊರ ಹೆಸರು ಹಾಕಿದ ಕೂಡಲೇ ಎರರ್.

ಇದು ನಮಗೆ ಹೊಸ ಅನುಭವ ಏನಲ್ಲ. ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲ್ ಫೋನ್‌ಗೆ ಬಂದಾಗ ನೋಡಿರ್ತೀರಿ: ಕನ್ನಡದ ಬದಲು ಇಂಗ್ಲಿಷ್‌ನ ಪಿ, ಪೌಂಡ್ ಚಿಹ್ನೆ, ತಲೆ ಮೇಲೆ ಗೆರೆ ಇರೋ ಎ, ಎಲ್ಲ ಕಲಸುಮೇಲೋಗರ. ಫೈಲ್ ಒಳಗೆ ಇದ್ದದ್ದು ಬರೀ ಬೈಟ್. ಅದನ್ನ ಕನ್ನಡವಾಗಿ ತೋರಿಸ್ತಿದ್ದದ್ದು ಆ ಫಾಂಟ್ ಮಾತ್ರ. ಫಾಂಟ್ ಇಲ್ಲ ಅಂದ್ರೆ ಕನ್ನಡವೂ ಇಲ್ಲ.

ಪೈಥಾನ್ 3 ತಂದ ನಿಯಮ ಇಷ್ಟು: ಪಠ್ಯ ಬೇರೆ, ಬೈಟ್ ಬೇರೆ. ಎರಡನ್ನೂ ನಾನು ಊಹೆ ಮಾಡಿ ಬೆರೆಸಲ್ಲ, ಯಾವ ಪದ್ಧತಿಯಲ್ಲಿ ಓದಬೇಕು ಅಂತ ನೀವೇ ಹೇಳಬೇಕು. ಹಳೇ ಕೋಡ್ ಮುರಿದುಬೀಳೋಕೆ ದೊಡ್ಡ ಕಾರಣ ಇದೇ. ಕನ್ನಡ, ತೆಲುಗು, ಜಪಾನಿ ಬರೆಯೋರಿಗೆ ಉಸಿರು ಬಂದದ್ದೂ ಇದರಿಂದಲೇ.

ಒಂದೇ ರಾತ್ರಿ, ಹನ್ನೊಂದು ವರ್ಷ

ನಾನು ಬಿ.ಕಾಂ. ಓದಿದವನು, ಅದಕ್ಕೇ ಈ ಹೋಲಿಕೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಜೂನ್ 30ರ ರಾತ್ರಿವರೆಗೆ ವ್ಯಾಟ್ ಬಿಲ್, ಬೆಳಗಾದ್ರೆ ಜಿಎಸ್‌ಟಿ ಬಿಲ್. ಹೆಚ್ಚೂಕಡಿಮೆ ಇಡೀ ದೇಶಕ್ಕೆ ಒಂದೇ ದಿನಾಂಕ. ಕಷ್ಟ ಆಯ್ತು, ಆದ್ರೆ ‘ನಾನಿನ್ನೂ ಹಳೇದರಲ್ಲೇ ಇರ್ತೀನಿ’ ಅನ್ನೋ ಅವಕಾಶ ಇರಲಿಲ್ಲ.

ಪೈಥಾನ್‌ನವರ ದಾರಿ ಬೇರೆ. ಎರಡೂ ಆವೃತ್ತಿ ಅಕ್ಕಪಕ್ಕ ನಡೀಲಿ, ಎಲ್ಲರೂ ನಿಧಾನಕ್ಕೆ ಬರಲಿ ಅಂದರು. ಪೈಥಾನ್ 2.7ಕ್ಕೆ ಮೊದಲು 2015ರ ಗಡುವು ಇತ್ತು. ಜನ ಬಂದಿಲ್ಲ ಅಂತ 2014ರಲ್ಲಿ ಅದನ್ನ 2020ಕ್ಕೆ ಮುಂದಕ್ಕೆ ಹಾಕಿದರು. ಕೊನೆಯ ಬಿಡುಗಡೆ 2.7.18 ಬಂದದ್ದು 2020ರ ಏಪ್ರಿಲ್‌ನಲ್ಲಿ. ಹನ್ನೊಂದು ವರ್ಷಕ್ಕೂ ಹೆಚ್ಚು.

ಈ ನಡುವೆ ಕೈಪಿಡಿ ಸಾಧನಗಳಿಗೆ ಒಂದು ವಿಶೇಷ ಸಂಕಟ ಇತ್ತು. ಟಿಪ್ಪಣಿ ಓದೋಕೆ ಸ್ಫಿಂಕ್ಸ್‌ನ ಆಟೋಡಾಕ್ ಅನ್ನೋ ಭಾಗ ನಿಮ್ಮ ಪ್ರೋಗ್ರಾಂ ಅನ್ನೇ ಲೋಡ್ ಮಾಡಿಕೊಳ್ತದೆ. ಅಂದ್ರೆ ಸಾಧನವೂ ನಿಮ್ಮ ಕೋಡೂ ಒಂದೇ ಪೈಥಾನ್‌ನಲ್ಲಿ ಓಡಬೇಕು. ಸಾಧನ ಹಳೇದರಲ್ಲೇ ಉಳಿದ್ರೆ, ಪೈಥಾನ್ 3ಕ್ಕೆ ಹೋದವರಿಗೆ ಕೈಪಿಡಿ ಇಲ್ಲ. ಸಾಧನ ಪೂರ್ತಿ ಹೊಸದಕ್ಕೆ ಹೋದ್ರೆ, ಇನ್ನೂ ಹೋಗದವರಿಗೆ ಕೈಪಿಡಿ ಇಲ್ಲ. ಸಾಧನ ತಾನು ನಂಬಿಕೊಂಡ ಲೈಬ್ರರಿಗಳಿಗೂ ಕಾಯಬೇಕು. ಸ್ಫಿಂಕ್ಸ್ ನಿಂತಿರೋದು ಡಾಕ್ಯುಟಿಲ್ಸ್, ಜಿಂಜಾ, ಪಿಗ್ಮೆಂಟ್ಸ್ ಅನ್ನೋ ಲೈಬ್ರರಿಗಳ ಮೇಲೆ. ಅವು ದಾಟದೆ ಇದು ದಾಟಂಗಿಲ್ಲ.

ಅದಕ್ಕೇ ಸ್ಫಿಂಕ್ಸ್ ಮೂರು ಹೆಜ್ಜೆಯಲ್ಲಿ ದಾಟಿತು. 2011ರ ಅಕ್ಟೋಬರ್‌ನಲ್ಲಿ ಬಂದ 1.1 ಆವೃತ್ತಿಯಲ್ಲಿ ಪೈಥಾನ್ 3ಕ್ಕೆ ಬೆಂಬಲ ಸಿಕ್ಕಿತು. ಆಗ ಮೂಲ ಕೋಡ್ ಪೈಥಾನ್ 2ರಲ್ಲೇ ಇತ್ತು. ‘2 ಟು 3’ ಅನ್ನೋ ಪರಿವರ್ತಕ ಅದನ್ನ ಹೊಸ ರೂಪಕ್ಕೆ ತಿರುಗಿಸ್ತಿತ್ತು. ಆಮೇಲೆ ಒಂದೇ ಕೋಡ್ ಎರಡರಲ್ಲೂ ಓಡೋ ಹಂಗೆ ಬರೆದರು. ಅದಕ್ಕೆ ನೆರವಾದ ಸಣ್ಣ ಲೈಬ್ರರಿಯ ಹೆಸರು ಸಿಕ್ಸ್. ಎರಡು ಮೂರಲೆ ಆರು, ಅದಕ್ಕೇ ಆ ಹೆಸರು! ಕೊನೆಗೆ 2019ರ ಮಾರ್ಚ್‌ನಲ್ಲಿ ಬಂದ ಸ್ಫಿಂಕ್ಸ್ 2.0 ಪೈಥಾನ್ 2ನ್ನ ಪೂರ್ತಿ ಬಿಟ್ಟಿತು. ಹಳೇದರಲ್ಲೇ ಇದ್ದವರಿಗೆ 1.8 ಉಳೀತು. ಪಿಪ್ ಹೊಸದಾಗಿದ್ರೆ, ನಿಮ್ಮ ಪೈಥಾನ್ ಯಾವುದು ಅಂತ ನೋಡಿ ಅದಕ್ಕೆ ಹೊಂದೋ ಆವೃತ್ತಿಯನ್ನ ತಾನೇ ಇಳಿಸಿಕೊಳ್ತದೆ. ಯಾರ ಅಂಗಡಿಯೂ ರಾತ್ರೋರಾತ್ರಿ ಬಾಗಿಲು ಹಾಕಲಿಲ್ಲ.

ಇನ್ನೊಂದು ಸಾಧನದ ಗತಿ ಹಿಂಗಾಗಲಿಲ್ಲ. ಎಡ್ವರ್ಡ್ ಲೋಪರ್ ಬರೆದ ಎಪಿಡಾಕ್ ಒಂದು ಕಾಲಕ್ಕೆ ಬಹಳ ಜನಪ್ರಿಯ. ಅದರ 3.0.1 ಆವೃತ್ತಿ ಬಂದದ್ದು 2008ರ ಜನವರಿಯಲ್ಲಿ, ಪೈಥಾನ್ 3 ಹುಟ್ಟೋದಕ್ಕೂ ಮುಂಚೆ. ಅದೇ ಕೊನೆಯದು. ಕೋಡ್ ಕೆಟ್ಟಿರಲಿಲ್ಲ, ಆದ್ರೆ ಹೊಸ ನೆಲಕ್ಕೆ ಅದನ್ನ ಯಾರೂ ಹೊತ್ತು ತರಲಿಲ್ಲ. ಲೋಪರ್ ಅವರೇ ಕಟ್ಟಿದವರಲ್ಲಿ ಒಬ್ಬರಾಗಿದ್ದ ಎನ್‌ಎಲ್‌ಟಿಕೆ ಅನ್ನೋ ಭಾಷಾ ಲೈಬ್ರರಿಯ ಕೈಪಿಡಿಯೂ ಆಮೇಲೆ ಸ್ಫಿಂಕ್ಸ್‌ಗೆ ಬಂತು. ಎಪಿಡಾಕ್‌ನ ಒಂದಷ್ಟು ಕೋಡ್ ಮಾತ್ರ ಬದುಕಿಕೊಂಡಿತು. ಪೈಡಾಕ್ಟರ್ ಅನ್ನೋ ಇನ್ನೊಂದು ಸಾಧನದವರು ಅದನ್ನ ತಮ್ಮೊಳಗೆ ಸೇರಿಸಿಕೊಂಡು, 2020ರಲ್ಲಿ ಪೈಥಾನ್ 3ಕ್ಕೆ ತಂದರು. ಸೋರ್ಸ್ ಓಪನ್ ಇತ್ತು, ಅದಕ್ಕೇ ಇದು ಸಾಧ್ಯ ಆಯ್ತು.

ದಾಟಿಸೋ ಕೆಲಸ ನಡೆಯೋದು ಹೆಂಗೆ

ಈಗ ಒಂದು ಹಳೇ ಸಾಧನವನ್ನ ನೀವೇ ದಾಟಿಸಬೇಕು ಅನ್ಕೊಳ್ಳಿ. ಮೊದಲ ಕೆಲಸ ಕೋಡ್ ಮುಟ್ಟೋದಲ್ಲ. ಹಳೇ ಸಾಧನದಿಂದ ಒಂದು ಕೈಪಿಡಿ ಪೂರ್ತಿ ತಯಾರು ಮಾಡಿ, ಆ ಪುಟಗಳನ್ನ ಹಾಗೇ ಎತ್ತಿಡಬೇಕು. ಹೊಸ ಲೆಕ್ಕದ ಪುಸ್ತಕ ತೆರೆಯೋ ಮುಂಚೆ ಹಳೇದರ ಟ್ರಯಲ್ ಬ್ಯಾಲೆನ್ಸ್ ತೆಗೆದಿಟ್ಟಂಗೆ. ಕೊನೆಗೆ ಹೊಸ ಸಾಧನದ ಪುಟಗಳನ್ನ ಇದರ ಪಕ್ಕ ಇಟ್ಟು ತಾಳೆ ನೋಡಬೇಕು. ಈ ಮಾದರಿಯಲ್ಲಿ ಕನ್ನಡದ ನಾಲ್ಕು ಪುಟ ಕಡ್ಡಾಯವಾಗಿ ಇರಲಿ. ಇಂಗ್ಲಿಷ್ ಪುಟಗಳು ಸುಲಭವಾಗಿ ಪಾಸಾಗಿಬಿಡ್ತಾವೆ.

ಆಮೇಲೆ ಪರಿವರ್ತಕ ಓಡಿಸೋದು. ಪ್ರಿಂಟ್‌ಗೆ ಬ್ರಾಕೆಟ್ ಹಾಕೋದು, ಬದಲಾದ ಹೆಸರು ತಿದ್ದೋದು, ಇಂಥ ಗುಮಾಸ್ತೆ ಕೆಲಸ ಅದು ಮಾಡ್ತದೆ. ಒಂದು ಎಚ್ಚರಿಕೆ: ‘2 ಟು 3’ ಈಗ ಪೈಥಾನ್ ಜೊತೆ ಬರಲ್ಲ, 2024ರಲ್ಲಿ ಬಂದ 3.13ರಿಂದ ಅದನ್ನ ತೆಗೆದುಹಾಕಿದ್ದಾರೆ. ತಡ ಮಾಡಿದಷ್ಟೂ ದಾಟೋ ಸೇತುವೆಗಳೂ ಕಡಿಮೆ ಆಗ್ತಾವೆ.

ನಿಜವಾದ ಕೆಲಸ ಇಲ್ಲಿಂದ ಶುರು. ತಪ್ಪುಗಳಲ್ಲಿ ಎರಡು ಜಾತಿ ಇದೆ. ಮೊದಲನೇದು ಕೂಗೋ ತಪ್ಪು. ಬ್ರಾಕೆಟ್ ಇಲ್ಲ ಅಂದ್ರೆ ಪ್ರೋಗ್ರಾಂ ಅಲ್ಲೇ ನಿಂತು ಸಾಲಿನ ನಂಬರ್ ಸಮೇತ ಹೇಳ್ತದೆ. ಪದಸೂಚಿಯಲ್ಲಿ ಒಂದು ಹೆಸರು ಖಾಲಿ ಇದ್ರೆ ಪೈಥಾನ್ 2 ಸುಮ್ಮನೆ ಅದನ್ನ ಮೊದಲಿಗೆ ಹಾಕ್ತಿತ್ತು. ಪೈಥಾನ್ 3, ‘ಇಲ್ಲದ್ದನ್ನೂ ಹೆಸರನ್ನೂ ಹೋಲಿಸೋಕಾಗಲ್ಲ’ ಅಂತ ನಿಲ್ತದೆ. ಇವುಗಳಿಂದ ಭಯ ಇಲ್ಲ.

ಎರಡನೇದು ಸುಮ್ಮನಿರೋ ತಪ್ಪು. 5ನ್ನ 2ರಿಂದ ಭಾಗಿಸಿದ್ರೆ ಪೈಥಾನ್ 2ರಲ್ಲಿ 2 ಬರ್ತಿತ್ತು, ಪೈಥಾನ್ 3ರಲ್ಲಿ 2.5 ಬರ್ತದೆ. ಪಟ್ಟಿಯ ಅಗಲ, ಕಾಲಂ ಲೆಕ್ಕ ಇಂಥದ್ದರಲ್ಲಿ ಈ ಭಾಗಾಕಾರ ಇದ್ರೆ ಎರರ್ ಬರದೇನೇ ಪುಟ ಬದಲಾಗ್ತದೆ. ಲೆಕ್ಕ ಓದಿದೋರಿಗೆ ಇದು ಗೊತ್ತು: ಎರಡೂ ಬದಿ ಟ್ಯಾಲಿ ಆಗದ ತಪ್ಪು ಬೇಗ ಸಿಕ್ಕಿಬೀಳ್ತದೆ, ಟ್ಯಾಲಿ ಆಗಿಯೂ ತಪ್ಪಾಗಿರೋದು ಆಡಿಟ್‌ನಲ್ಲೇ ಸಿಗೋದು. ಎತ್ತಿಟ್ಟ ಹಳೇ ಪುಟಗಳು ಬೇಕಾಗೋದು ಇದಕ್ಕೇ.

ಫೈಲ್ ಓದೋ ಜಾಗಗಳನ್ನ ಮಾತ್ರ ಯಾವ ಪರಿವರ್ತಕವೂ ಸರಿ ಮಾಡಲ್ಲ. ಫೈಲ್ ತೆರೆಯೋ ಪ್ರತಿ ಸಾಲಲ್ಲೂ ‘ಇದು ಯುಟಿಎಫ್-8’ ಅಂತ ಕೈಯಾರೆ ಬರೀಬೇಕು. ಬರೀದಿದ್ರೆ ಪೈಥಾನ್ 3 ಕೂಡ ಕಂಪ್ಯೂಟರ್‌ನ ಸೆಟ್ಟಿಂಗ್ ನೋಡಿ ತೀರ್ಮಾನ ಮಾಡ್ತದೆ. ಲಿನಕ್ಸ್‌ನಲ್ಲಿ ಸರಿ ಬಂದ ಕನ್ನಡ ವಿಂಡೋಸ್‌ನಲ್ಲಿ ಕೆಡೋದು ಇದರಿಂದಲೇ. 3.15ರಿಂದ ಯುಟಿಎಫ್-8ನ್ನೇ ಮೂಲ ಸೆಟ್ಟಿಂಗ್ ಮಾಡೋ ತೀರ್ಮಾನ ಆಗಿದೆ. ಅಲ್ಲಿವರೆಗೆ ಕೈಯಲ್ಲೇ ಬರೀರಿ.

ಕೊನೆಯದು, ಹಳೇ ಕೊಂಡಿಗಳು. 2014ರ ನವೆಂಬರ್ 1ರಂದು ನಮ್ಮ ಹಾಸ್ಪೆಟ್ ಅಧಿಕೃತವಾಗಿ ಹೊಸಪೇಟೆ ಆಯ್ತು, 2021ರಲ್ಲಿ ಜಿಲ್ಲೆಯೂ ಬಳ್ಳಾರಿಯಿಂದ ವಿಜಯನಗರ ಆಯ್ತು. ಆದ್ರೆ ರೈಲು ಟಿಕೆಟ್ ಬುಕ್ ಮಾಡುವಾಗ ನೋಡಿ, ನಿಲ್ದಾಣದ ಕೋಡ್ ಈಗಲೂ ಎಚ್‌ಪಿಟಿ. ಹೊರಗಿನ ಹೆಸರು ಬದಲಾದ್ರೂ ಒಳಗಿನ ಗುರುತು ಬದಲಾಗಲಿಲ್ಲ, ಹಾಗಾಗಿ ಹಳೇ ವ್ಯವಸ್ಥೆ ಯಾವುದೂ ಮುರಿಯಲಿಲ್ಲ. ಕೈಪಿಡಿಗೂ ಅದೇ ನಿಯಮ. ಬೇರೆಯವರು ತಮ್ಮ ಪಾಠಗಳಲ್ಲಿ ಕೊಟ್ಟಿರೋ ವಿಳಾಸಗಳು ಸಾಧನ ಬದಲಾದ ಮೇಲೂ ತೆರೀಬೇಕು.

ಇನ್ನೂ ಆಗಬೇಕಾದ್ದು

ಪೈಥಾನ್ 3 ಬಂದ ಮಾತ್ರಕ್ಕೆ ಕನ್ನಡದ ಎಲ್ಲ ತೊಂದರೆ ತೀರಲಿಲ್ಲ. ಒಂದು ಪದಸೂಚಿ ಮಾಡಿ ನೋಡಿ. ವರ್ಣಮಾಲೆಯಲ್ಲಿ ಳ ಬರೋದು ಹ ಆದ ಮೇಲೆ. ಯೂನಿಕೋಡ್ ಸಂಖ್ಯೆಯ ಸಾಲಲ್ಲಿ ಳ ಇರೋದು ಲ ಪಕ್ಕ, ವ ಮುಂಚೆ. ಪೈಥಾನ್ ಬರೀ ಸಂಖ್ಯೆ ನೋಡಿ ಜೋಡಿಸೋದ್ರಿಂದ ‘ಬಳ್ಳಾರಿ’ ಮೊದಲು ಬಂದು ‘ಬಸವ’ ಆಮೇಲೆ ಬರ್ತದೆ. ನಿಘಂಟು ನೋಡೋ ಅಭ್ಯಾಸ ಇರೋರಿಗೆ ಪದ ಸಿಗಲ್ಲ. ಹಂಗೇ, ಪದದ ಮೂಲರೂಪ ಹಿಡಿದು ಹುಡುಕೋಕೆ ಸ್ಫಿಂಕ್ಸ್ ಪಟ್ಟಿ ಮಾಡಿರೋ ಭಾಷೆಗಳಲ್ಲಿ ಕನ್ನಡ ಇಲ್ಲ. ‘ಕಡತ’ ಅಂತ ಹುಡುಕಿದವರಿಗೆ ‘ಕಡತವನ್ನು’, ‘ಕಡತದಿಂದ’ ಎಲ್ಲ ಒಂದೇ ಪದ ಅಂತ ಅದಕ್ಕೆ ತಿಳಿಯಲ್ಲ. ಈ ಕೆಲಸ ಮಾಡಬೇಕಾದವರು ಕನ್ನಡ ಗೊತ್ತಿರೋರೇ.

ದಾಟೋದು ಒಂದೇ ಸಲಕ್ಕೆ ಮುಗಿಯೋದೂ ಅಲ್ಲ. ಈಗ ಪೈಥಾನ್ ಪ್ರತಿ ವರ್ಷ ಹೊಸ ಆವೃತ್ತಿ ಬಿಡ್ತದೆ, ಒಂದೊಂದಕ್ಕೂ ಸುಮಾರು ಐದು ವರ್ಷದ ಆಯಸ್ಸು. 2024ರಲ್ಲಿ ಬಂದ ಸ್ಫಿಂಕ್ಸ್ 8.0ಕ್ಕೆ ಕಡಿಮೆ ಅಂದ್ರೂ ಪೈಥಾನ್ 3.10 ಬೇಕು. ಹನ್ನೊಂದು ವರ್ಷದ ದೊಡ್ಡ ಜಿಗಿತದ ಬದಲು ಈಗ ವರ್ಷಕ್ಕೊಂದು ಸಣ್ಣ ಹೆಜ್ಜೆ.

ನಿಮಗೆ ನಾಲ್ಕು ಮಾತು

ಒಂದು, ಯಾವ ಪಾಠ ಓದೋಕೂ ಮುಂಚೆ ಅದು ಯಾವ ಆವೃತ್ತಿಗೆ ಅಂತ ನೋಡಿ. ಪ್ರಿಂಟ್ ಪಕ್ಕ ಬ್ರಾಕೆಟ್ ಇಲ್ಲ ಅಂದ್ರೆ ಆ ನೋಟ್ಸ್ ಪಕ್ಕಕ್ಕಿಡಿ, ನಿಮ್ಮ ತಲೆಯನ್ನ ಬೈಕೋಬೇಡಿ.

ಎರಡು, ಪೈಥಾನ್‌ನ ಅಧಿಕೃತ ಕೈಪಿಡಿಯಲ್ಲಿ ಪುಟದ ಮೇಲ್ಗಡೆ ಆವೃತ್ತಿ ಆರಿಸೋ ಪಟ್ಟಿ ಇರ್ತದೆ. ಫೋನ್‌ನಲ್ಲಿ ಇರೋದನ್ನೇ ಅಲ್ಲಿ ಆರಿಸಿ.

ಮೂರು, ನೀವೇ ನೋಟ್ಸ್ ಬರೆದು ಗೆಳೆಯರಿಗೆ ಹಂಚೋದಾದ್ರೆ ಮೊದಲ ಸಾಲಲ್ಲೇ ಆವೃತ್ತಿ ಮತ್ತು ತಾರೀಖು ಹಾಕಿ. ನಾಲ್ಕು ವರ್ಷ ಆದ ಮೇಲೆ ಅದನ್ನ ಓದೋ ತಂಗಿಗೋ ತಮ್ಮನಿಗೋ ಒಂದು ಸಂಜೆ ಉಳೀತದೆ.

ನಾಲ್ಕು, ಓಪನ್ ಸೋರ್ಸ್‌ಗೆ ನೆರವಾಗೋಕೆ ಎಂಜಿನಿಯರಿಂಗ್ ಓದಿರಲೇಬೇಕು ಅಂತಿಲ್ಲ. ಯಾವುದಾದ್ರೂ ಕೈಪಿಡಿ ಸಾಧನದಲ್ಲಿ ನಿಮ್ಮ ಊರ ಹೆಸರು ಹಾಕಿ ಪುಟ ಮಾಡಿ ನೋಡಿ. ಸೂಚಿಯಲ್ಲಿ ತಪ್ಪು ಜಾಗಕ್ಕೆ ಬಂತಾ, ಹುಡುಕಿದ್ರೆ ಸಿಗಲಿಲ್ವಾ, ಏನು ಹಾಕಿದಿರಿ, ಏನು ಬಂತು, ಏನು ಬರಬೇಕಿತ್ತು ಅಂತ ಮೂರು ಸಾಲು ಬರೆದು ಅದನ್ನ ನೋಡಿಕೊಳ್ಳೋರಿಗೆ ಕಳಿಸಿ. ಅವರಿಗೆ ಕನ್ನಡ ಬರಲ್ಲ. ನೀವು ಹೇಳದಿದ್ರೆ ತೊಂದರೆ ಇದೆ ಅಂತಲೇ ಅವರಿಗೆ ಗೊತ್ತಾಗಲ್ಲ.

ಇವತ್ತಿಗೆ ಇಷ್ಟು ಸಾಕು. ನಿಮ್ಮ ಊರ ಹೆಸರಿಗೆ ಪೈಥಾನ್ 3 ಎಷ್ಟು ಎಣಿಸ್ತು ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.